ಸವೆದ ಹಗ್ಗ ಕೊಟ್ಟು, ಮೋಡ ಕಂಡರೂ ಕೊಳ್ಳಕ್ಕೆ ಇಳಿಸಿದ ಬಗ್ಗೆ ದೂರು

ಇಂದ: ಆರು ಜನ ಗೆಳೆಯರ ಪರವಾಗಿ, ಗುಳೇದಗುಡ್ಡದ ಗ್ರಾಹಕ
ಗೆ: ವ್ಯವಸ್ಥಾಪಕರು, ಸಾಹಸ ಪ್ರವಾಸ ಸಂಸ್ಥೆ
ವಿಷಯ: ಬಾದಾಮಿ ಕೊಳ್ಳದ ಒಂದು ದಿನದ ಪ್ರವಾಸ, ಹಣ ವಾಪಸಾತಿ

ಮಾನ್ಯರೇ,

ಸೆಪ್ಟೆಂಬರ್ ಕೊನೆಯ ಭಾನುವಾರ ನಾವು ಆರು ಮಂದಿ ತಲೆಗೆ 2,400 ರೂಪಾಯಿಯಂತೆ ಒಟ್ಟು 14,400 ರೂಪಾಯಿ ಕಟ್ಟಿ, ಹಗ್ಗ ಹಿಡಿದು ಕೊಳ್ಳದೊಳಗೆ ಹಂತ ಹಂತವಾಗಿ ಇಳಿಯುವ ನಿಮ್ಮ ಪ್ರವಾಸಕ್ಕೆ ಬಂದಿದ್ದೆವು. ಅಂದೇ ರಾತ್ರಿ ಫೋನ್ ಮಾಡಿ ದೂರು ಹೇಳಿದೆ. ಮೂರು ದಿನ ಬಿಟ್ಟು ನಿಮ್ಮಿಂದ ವಾಟ್ಸ್‌ಆ್ಯಪ್ ಬಂತು: ‘ಅಡ್ವೆಂಚರ್ ಅಂದಮೇಲೆ ಇದೆಲ್ಲ ಇದ್ದದ್ದೇ ಸರ್, ಮುಂದಿನ ಟ್ರಿಪ್ಪಿಗೆ 20 ಪರ್ಸೆಂಟ್ ಡಿಸ್ಕೌಂಟ್ ಕೊಡ್ತೀವಿ.’ ಅದನ್ನು ಓದಿದ ಮೇಲೆಯೇ ಈ ಪತ್ರ ಬರೆಯಲು ಕೂತೆ.

ಜಾಗದ ಬಗ್ಗೆ ನಮ್ಮ ತಕರಾರಿಲ್ಲ. ಬಾದಾಮಿ ನಮಗೆ ಹೊಸದಲ್ಲ. ಶಾಲೆಯಲ್ಲಿದ್ದಾಗಿನಿಂದ ಮೇಣಬಸದಿ (ಗುಹಾ ದೇವಾಲಯ) ನೋಡಿದವರು, ಬನಶಂಕರಿ ಜಾತ್ರೆಗೆ ಪ್ರತಿ ವರ್ಷ ಹೋಗುವವರು. ಆದರೂ ಅದೇ ಗುಡ್ಡದ ಹೊಟ್ಟೆಯೊಳಗೆ ಇಂಥದ್ದೊಂದು ಓಣಿ ಇದೆ ಎಂದು ಗೊತ್ತಿರಲಿಲ್ಲ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಅಂಗೈಗೆ ಹತ್ತುತ್ತವೆ. ಕೆಂಪು ಕಲ್ಲಿನ ಮೇಲೆ ಪದರ ಪದರವಾಗಿ ಓರೆ ಗೆರೆಗಳು, ಮೇಲೆ ನೋಡಿದರೆ ಆಕಾಶ ಒಂದು ಸೀರೆಯ ಅಂಚಿನಷ್ಟೇ. ಮೊದಲ ಒಂದು ತಾಸು ನಾವು ಯಾರೂ ಮಾತೇ ಆಡಲಿಲ್ಲ. ನಮ್ಮ ಇಳಕಲ್ಲಿನವ ಕೂಡ ಸುಮ್ಮನಿದ್ದ, ಅದು ದೊಡ್ಡ ಮಾತು.

ನಿಮ್ಮ ಜಾಹೀರಾತಿನಲ್ಲಿ ಇಬ್ಬರು ತರಬೇತಾದ ಗೈಡುಗಳು, ಹೊಸ ಹಗ್ಗ, ಎಲ್ಲರಿಗೂ ಹೆಲ್ಮೆಟ್, ಕೈಗವಸು ಎಂದಿತ್ತು. ಬಂದವನು ಒಬ್ಬನೇ, ಇಪ್ಪತ್ತು ದಾಟಿರದ ಹುಡುಗ. ಇನ್ನೊಬ್ಬರು ಎಲ್ಲಿ ಎಂದರೆ ‘ಅವ್ರು ಬ್ಯಾರೆ ಬ್ಯಾಚಿಗೆ ಹೋಗ್ಯಾರ್ರೀ’ ಎಂದ. ಕೈಗವಸು ಎರಡೇ ಜೊತೆ. ನನ್ನ ಹೆಲ್ಮೆಟ್ಟಿನ ಗದ್ದದ ಬಕಲ್ ಮುರಿದಿತ್ತು, ಅದಕ್ಕೆ ಸುತಳಿ ಕಟ್ಟಿಕೊಟ್ಟ. ಇವನ್ನೆಲ್ಲ ಅಲ್ಲೇ ನಕ್ಕು ಮರೆಯುತ್ತಿದ್ದೆವು. ಊಟ ಮಾತ್ರ ಚೆನ್ನಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಹಗ್ಗದ ಮಾತಿಗೆ ಬರುತ್ತೇನೆ. ನಮ್ಮದು ಮಗ್ಗದ ಮನೆ. ಖಣ ನೇಯುವ ಮನೆಯಲ್ಲಿ ಹುಟ್ಟಿದವನಿಗೆ ನೂಲು ಸವೆದದ್ದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಎರಡನೆಯ ಇಳಿತದ ಹತ್ತಿರ ಹುಡುಗನಿಗೆ ಹಗ್ಗದ ಸುರುಳಿ ಬಿಚ್ಚಿಕೊಡುತ್ತಿದ್ದೆ. ಒಂದು ತುದಿಯಿಂದ ಸುಮಾರು ಮೂರು ಮಾರು ದೂರದಲ್ಲಿ ಕೈಗೆ ಮೆತ್ತಗೆ ಹತ್ತಿತು. ನೋಡಿದರೆ ಹೊರಗಿನ ಹೆಣಿಗೆ ಕಿತ್ತು, ಒಳಗಿನ ಬಿಳಿ ಎಳೆಗಳು ಗೇಣುದ್ದ ಹೊರಗೆ ಬಂದಿದ್ದವು. ಬಗ್ಗಿಸಿದರೆ ಆ ಜಾಗದಲ್ಲಿ ಹಗ್ಗ ಪೂರ್ತಿ ಮಡಚಿಕೊಳ್ಳುತ್ತಿತ್ತು. ಮರಳುಗಲ್ಲಿನಲ್ಲಿ ಇಳಿಸುವವರಿಗೆ ಇದನ್ನು ನಾನು ಹೇಳಬೇಕೇ? ಆ ಕಲ್ಲಿನ ಅಂಚು ಅರದಂತೆ ಉಜ್ಜುತ್ತದೆ. ಉದುರಿದ ಮರಳು ಹೆಣಿಗೆಯ ಒಳಹೊಕ್ಕು ಅಲ್ಲಿಂದಲೂ ಎಳೆ ಕಡಿಯುತ್ತದೆ. ಅದಕ್ಕೇ ಅಂಚಿಗೆ ದಪ್ಪ ಬಟ್ಟೆಯನ್ನೋ ರಬ್ಬರನ್ನೋ ಹಾಸಬೇಕು. ನಿಮ್ಮ ಕಿಟ್ಟಿನಲ್ಲಿ ಅದು ಇರಲಿಲ್ಲ. ಕೊನೆಗೆ ಜಮಖಂಡಿಯವನ ಜೀನ್ಸ್ ಪ್ಯಾಂಟ್ ಬ್ಯಾಗಿನಿಂದ ತೆಗೆದು ಹಾಸಿದೆವು. ಹುಡುಗ ಹಗ್ಗವನ್ನು ತಿರುಗಿಸಿ, ಸವೆದ ತುದಿಯ ಮೇಲೆ ಭಾರ ಬೀಳದಂತೆ ಕಟ್ಟಿದ. ‘ಆಫೀಸಿಗೆ ಎರಡ ಸಲ ಹೇಳೇನ್ರೀ, ಹೊಸಾದು ಬರ್ತೈತಿ ಅಂತಾರ’ ಎಂದ.

ಅದೇ ಇಳಿತ ಸುಮಾರು 45 ಅಡಿ. ಇಳಿಯುವವನ ಕೈ ಜಾರಿದರೆ ಕೆಳಗೆ ನಿಂತವನು ಹಗ್ಗ ಜಗ್ಗಿ ಹಿಡಿಯಬೇಕು, ಆಗ ಇಳಿಯುವವನು ಅಲ್ಲೇ ನಿಲ್ಲುತ್ತಾನೆ. ಇದನ್ನು ಬೆಳಗ್ಗೆ ನಿಮ್ಮ ಹುಡುಗನೇ ನಮಗೆ ಹೇಳಿಕೊಟ್ಟದ್ದು. ಆದರೆ ಗೈಡು ಒಬ್ಬನೇ ಇದ್ದು ಅವನು ಮೇಲಿದ್ದರೆ ಕೆಳಗೆ ನಿಲ್ಲುವವರು ಯಾರು? ಮೊದಲು ಇಳಿದ ಬೀಳಗಿಯ ಗೆಳೆಯನಿಗೆ ಕೆಳಗೆ ಯಾರೂ ಇರಲಿಲ್ಲ, ಕೈಗವಸೂ ಇರಲಿಲ್ಲ. ಅರ್ಧಕ್ಕೆ ಬಂದಾಗ ಹಗ್ಗ ಓಡಿತು. ಅವನು ಬಿಡಲಿಲ್ಲ, ಹಾಗಾಗಿ ಬದುಕಿದ. ಬಲಗೈ ಅಂಗೈಯ ಚರ್ಮ ಎರಡು ಪಟ್ಟಿಯಾಗಿ ಸುಟ್ಟು ಹೋಯಿತು. ಹತ್ತು ದಿನ ಅವನು ಎಡಗೈಯಲ್ಲಿ ಊಟ ಮಾಡಿದ್ದಾನೆ. ಆಸ್ಪತ್ರೆ, ಔಷಧಿ ಸೇರಿ 1,850 ರೂಪಾಯಿ ಖರ್ಚು.

ಇನ್ನು ಮಳೆ. ಹಗ್ಗಕ್ಕಿಂತ ದೊಡ್ಡ ತಪ್ಪು ಇಲ್ಲಿದೆ. ಮೊದಲ ಇಳಿತಕ್ಕೆ ಮುಂಚೆ, ಇನ್ನೂ ಗುಡ್ಡದ ತಲೆಯ ಮೇಲಿದ್ದಾಗಲೇ ಮಹಾಕೂಟದ ಕಡೆ ಮೋಡ ಕಪ್ಪಾಗಿತ್ತು. ಹುಡುಗನಿಗೆ ಅನುಮಾನ ಬಂತು. ನಿಮ್ಮ ಆಫೀಸಿಗೆ ಫೋನ್ ಮಾಡಿದ, ಸ್ಪೀಕರಿನಲ್ಲಿತ್ತು, ಆರೂ ಜನ ಕೇಳಿದ್ದೇವೆ: ‘ಎರಡು ಗಂಟೆಗೆ ಇನ್ನೊಂದು ಬ್ಯಾಚ್ ಐತಿ, ಲಗೂನ ಮುಗಿಸ್ಕೊಂಡು ಬಾ.’ ಇಂಥ ಕೊಳ್ಳದಲ್ಲಿ ಮೊದಲ ಇಳಿತ ಇಳಿದು ಹಗ್ಗ ಎಳೆದುಕೊಂಡ ಮೇಲೆ ವಾಪಸ್ ಹತ್ತುವ ದಾರಿಯೇ ಇಲ್ಲ. ಒಳಗೆ ಫೋನ್ ಸಿಗ್ನಲ್ಲೂ ಇಲ್ಲ. ಅಂದರೆ ನಿಲ್ಲಿಸಲು ಇದ್ದ ಒಂದೇ ಸಮಯದಲ್ಲಿ ನೀವು ನಿಲ್ಲಿಸಲಿಲ್ಲ.

ಕೊಳ್ಳದೊಳಗೆ ನಮ್ಮ ತಲೆಯ ಮೇಲೆ ನಾಲ್ಕು ಹನಿಯೂ ಬೀಳಲಿಲ್ಲ. ಮೊಣಕಾಲುದ್ದದ ತಿಳಿ ನೀರು ಮೊದಲು ಚಹಾದ ಬಣ್ಣಕ್ಕೆ ತಿರುಗಿತು. ಆಮೇಲೆ ಒಣಎಲೆ, ಕಡ್ಡಿ, ಒಂದು ಹರಿದ ಚಪ್ಪಲಿ ತೇಲಿ ಬಂದವು. ಹುಡುಗ ಒಂದೇ ಕೂಗು ಹಾಕಿದ, ‘ಮ್ಯಾಲ ಹತ್ರಿ!’ ಆಳೆತ್ತರದಲ್ಲಿದ್ದ ಒಂದು ಚಾಚುಗಲ್ಲಿನ ಮೇಲೆ ಆರೂ ಜನರನ್ನು ದಬ್ಬಿ, ಕೊನೆಗೆ ತಾನು ಹತ್ತಿದ. ನಾವು ಮೊದಲು ಕೆಳಗೆ ನಿಂತಿದ್ದ ಜಾಗದಲ್ಲಿ ನೀರು ಎದೆ ಮಟ್ಟ ಬಂತು. ಬರಿಯ ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಎಲ್ಲವೂ ಒಮ್ಮೆಲೇ ಇಳಿದು ಬರುತ್ತದೆ. ಮಳೆಗಾಲದಲ್ಲಿ ಅಗಸ್ತ್ಯ ತೀರ್ಥದ ದಂಡೆಯಲ್ಲಿ ನಿಂತು ಅಕ್ಕ-ತಂಗಿ ಜಲಪಾತ ನೋಡಿದ ಯಾವ ಬಾದಾಮಿಯವನಿಗೂ ಇದು ಗೊತ್ತು. ಆ ಚಾಚುಗಲ್ಲಿನ ಮೇಲೆ ಎರಡು ತಾಸು ಒಂದೇ ಕಾಲ ಮೇಲೆ ನಿಂತೆವು. ನೀರು ಇಳಿದ ಮೇಲೆ ಮೂರನೆಯ ಇಳಿತವನ್ನು ನೆನೆದ ಕಲ್ಲಿನ ಮೇಲೆಯೇ ಇಳಿಯಬೇಕಾಯಿತು. ಬಾದಾಮಿಗೆ ಬಂಡೆ ಹತ್ತಲು ಬರುವವರು ಕಲ್ಲು ಒಣಗುವ ತನಕ ಮುಟ್ಟುವುದಿಲ್ಲ, ಏಕೆಂದರೆ ನೆನೆದ ಮರಳುಗಲ್ಲಿಗೆ ಕಸುವು ಕಡಿಮೆ. ನಮಗೆ ಬೇರೆ ದಾರಿ ಇರಲಿಲ್ಲ.

ನಾವು ಸಹಿ ಮಾಡಿದ ಕಾಗದ ನೀವು ತೋರಿಸುತ್ತೀರಿ ಎಂದು ಗೊತ್ತಿದೆ. ಬೆಳಗಿನ ಆರಕ್ಕೆ ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ, ಮೊಬೈಲ್ ಬೆಳಕಿನಲ್ಲಿ, ಇಂಗ್ಲಿಷಿನ ಎರಡು ಪುಟಕ್ಕೆ ಸಹಿ ಹಾಕಿಸಿಕೊಂಡಿರಿ. ಕಲ್ಲು ಜಾರುತ್ತದೆ, ಹೆಜ್ಜೇನು ಏಳಬಹುದು, ಕಾಲು ಉಳುಕಬಹುದು, ಇದಕ್ಕೆಲ್ಲ ನಾವು ಒಪ್ಪಿಯೇ ಬಂದವರು. ಸವೆದ ಹಗ್ಗಕ್ಕೆ ಒಪ್ಪಿ ಬಂದವರಲ್ಲ.

ಹೀಗಾಗಿ ಕೇಳುತ್ತಿರುವುದು ಇಷ್ಟು. ಪೂರ್ತಿ 14,400 ರೂಪಾಯಿ, ಜೊತೆಗೆ ಆಸ್ಪತ್ರೆಯ 1,850 ರೂಪಾಯಿ, ಹದಿನೈದು ದಿನದೊಳಗೆ ವಾಪಸ್ ಬರಬೇಕು. ಆ ಹಗ್ಗವನ್ನು ತುಂಡು ತುಂಡು ಮಾಡಿ ಅದರ ಫೋಟೋ ಕಳಿಸಿ. ಪಕ್ಕಕ್ಕೆ ಇಟ್ಟಿದ್ದೇವೆ ಎಂದರೆ ನಂಬುವುದಿಲ್ಲ, ಇಟ್ಟದ್ದು ಗಿರಾಕಿ ಹೆಚ್ಚಾದ ದಿನ ಮತ್ತೆ ಹೊರಗೆ ಬರುತ್ತದೆ. ಈ ಪತ್ರದ ಸಿಟ್ಟನ್ನು ಆ ಹುಡುಗನ ಮೇಲೆ ತೀರಿಸಬೇಡಿ. ಅವನ ಪಗಾರದಲ್ಲಿ ಒಂದು ರೂಪಾಯಿ ಹಿಡಿದರೂ ನಮಗೆ ತಿಳಿಯುತ್ತದೆ, ಅವನ ನಂಬರ್ ನಮ್ಮ ಹತ್ತಿರ ಇದೆ.

ಉತ್ತರ ಬಾರದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇವೆ, ಆಮೇಲೆ ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ನಿಮ್ಮ ಆಫೀಸು ಬೆಂಗಳೂರಿನಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು.

ಹಣ ಕಟ್ಟಿದ ರಸೀದಿ, ಆಸ್ಪತ್ರೆಯ ಬಿಲ್, ಬೀಳಗಿಯವನ ಅಂಗೈಯ ಫೋಟೋ, ಹಗ್ಗದ ಎರಡು ಫೋಟೋ ಲಗತ್ತಿಸಿದ್ದೇನೆ. ಎರಡನೆಯ ಫೋಟೋದಲ್ಲಿ ಹಗ್ಗದ ಪಕ್ಕ ನನ್ನ ಹೆಬ್ಬೆರಳಿದೆ, ಎಳೆ ಎಷ್ಟು ಹೊರಗೆ ಬಂದಿದೆ ಎಂದು ಅಳೆದುಕೊಳ್ಳಲು ಅನುಕೂಲವಾಗಲಿ ಎಂದು.

ಇಂತಿ,
ಗುಳೇದಗುಡ್ಡದ ಗ್ರಾಹಕ ಮತ್ತು ಐವರು ಗೆಳೆಯರು