ಭಾನುವಾರ ಕ್ಲಿಷೆ-ವೇರ್: ಗಾಜು ತನ್ನಿ

ಎಲ್ಲರಿಗೂ ನಮಸ್ಕಾರ. ಕ್ಲಿಷೆ-ವೇರ್‌ಗೆ (ಗಾಜಿನ ಮೇಲೆ ಗೀರಿದ ಚಿತ್ರವನ್ನು ಫೋಟೋ ಕಾಗದಕ್ಕೆ ಇಳಿಸುವುದು) ಹೆಸರು ಕೊಟ್ಟವರು ಈ ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಟೆರೇಸಿಗೆ ಬನ್ನಿ. 1853ರಲ್ಲಿ ಫ್ರಾನ್ಸಿನ ಅರಾಸ್ ಊರಿನಲ್ಲಿ ಕಲಾವಿದ ಕೋರೋ ಕೈಹಾಕಿದ ವಿಧಾನ ಇದು, ಕ್ಯಾಮೆರಾನೇ ಬೇಡ. ಗಾಜಿಗೆ ಮೇಣದಬತ್ತಿಯ ಮಸಿ ಹಿಡಿಸಿ, ಸೂಜಿಯಿಂದ ಗೀರಿ, ಅಡಿಯಲ್ಲಿ ಫೋಟೋ ಕಾಗದ ಇಟ್ಟು ಬಿಸಿಲಿಗೆ ಹಿಡಿಯುವುದು. ಗೀರಿದ ಕಡೆ ಮಾತ್ರ ಬೆಳಕು ಇಳಿದು ಗೆರೆ ಕಪ್ಪಾಗುತ್ತದೆ. ಮಸಿಯ ಬದಿ ಮೇಲಿದ್ದರೆ ಗೆರೆ ಸ್ವಲ್ಪ ಮಸುಕು. ಮರದ ಎಲೆಗಳಿಗೆ ನನಗೆ ಅದೇ ಇಷ್ಟ.

ಅಂಗೈಯಗಲದ ಗಾಜು ತನ್ನಿ, ಅಂಚು ಉಜ್ಜಿಸಿರಲಿ. ಮಸಿ ಮನೆಯಲ್ಲೇ ಹಿಡಿಸಬೇಡಿ, ದಾರಿಯಲ್ಲೇ ಅಳಿಸಿಹೋಗುತ್ತದೆ. ದಪ್ಪ, ಸಣ್ಣ ಎರಡೂ ಸೂಜಿ ಇರಲಿ. ಕಾಗದ, ಹೈಪೋ (ಮೂಡಿದ ಚಿತ್ರ ಕಾಗದದಲ್ಲಿ ಉಳಿಯುವಂತೆ ಮಾಡುವ ರಾಸಾಯನಿಕ) ನನ್ನ ಜವಾಬ್ದಾರಿ. ಮಳೆಯಾದರೆ ಮುಂದಿನ ವಾರ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಎಷ್ಟು ಜನರೋ ಅಷ್ಟೇ ಕಾಗದ ನಾನು ತರಬೇಕು.