‘ಕೋಂ’ ಹಿಂದಿನ ಹೆಸರು

ಪ್ರತಿ ವರ್ಷ ಪಿತೃಪಕ್ಷದ ಎಡೆಯಲ್ಲಿ ನಮ್ಮ ಮನೆಯಲ್ಲಿ ಕೊನೆಯ ಎಲೆಯೊಂದನ್ನು ‘ಹೆಸರು ಗೊತ್ತಿಲ್ಲದೋರಿಗೆ’ ಎಂದು ಇಡುತ್ತಿದ್ದೆವು. ಅಪ್ಪ ಹಾಗೆ ಹೇಳಿಯೇ ಕೈಮುಗಿಯುತ್ತಿದ್ದರು. ಮೊನ್ನೆ ಮಹಾಲಯ ಅಮಾವಾಸ್ಯೆಯ ದಿನ ಆ ಎಲೆಯ ಮುಂದೆ ಹಸಿರು ಕೈಮಗ್ಗದ ಸೀರೆ ಇಟ್ಟೆವು. ಸಾಂಬ್ರಾಣಿ ಹಾಕಿ ಅಣ್ಣ ಹೆಸರು ಹಿಡಿದು ಕರೆದ. ಬಾಗಿಲು ಮುಂದೆ ಮಾಡಿ ನಾವೆಲ್ಲ ಹೊರಗೆ ನಿಂತೆವು. ಅಲ್ಲಿ ನಿಂತಾಗಲೇ, ಹಳೆಯ ಕಾಗದಪತ್ರಗಳಲ್ಲಿ ಮನೆತನದ ಬೇರು ಹುಡುಕುವ ನಮ್ಮ ಭಾನುವಾರದ ಗುಂಪಿನ ನಿಮಗೆಲ್ಲ ಈ ಕಾಗದ ಬರೆಯಬೇಕು ಅನ್ನಿಸಿತು.

ಹೆಸರೇನೆಂದು ಇಲ್ಲಿ ಬರೆಯುತ್ತಿಲ್ಲ. ನಿಮಗೆಲ್ಲ ಗೊತ್ತು, ನಮಗಿಂತ ಮೊದಲು ಓದಿದವರೇ ನೀವು.

2022ರ ಜನವರಿಯಲ್ಲಿ, ಗುಂಪು ಸೇರುತ್ತಿದ್ದ ಬಸವನಗುಡಿಯ ಆ ಮಹಡಿ ಮನೆಗೆ ಮೊದಲ ಸಲ ಬಂದಾಗ ನನ್ನ ಕೈಯಲ್ಲಿದ್ದದ್ದು ಅಪ್ಪ ಬರೆದ ಒಂದು ಹಾಳೆ ವಂಶವೃಕ್ಷ. ಮೇಲಿಂದ ಕೆಳಗೆ ಬಿನ್, ಬಿನ್, ಬಿನ್ (ಇಂಥವರ ಮಗ) ಎಂದು ಆರು ತಲೆಮಾರು ಇಳಿದಿತ್ತು. ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ತಾತನನ್ನು ಹೆತ್ತ ತಾಯಿಯನ್ನು ನಮ್ಮ ಮನೆಯಲ್ಲಿ ‘ಪ್ಲೇಗಿನಜ್ಜಿ’ ಎಂದಷ್ಟೇ ಕರೆಯುತ್ತಿದ್ದರು. ಮುತ್ತಜ್ಜ ವರ್ತೂರಿನ ಕಡೆಯ ನಮ್ಮೂರಿಂದ ಗಾಡಿ ಹೂಡಿಕೊಂಡು ಪೇಟೆಗೆ ಹೋದವರು ತಿರುಗಿ ಬರಲಿಲ್ಲ, ಆಕೆ ನಾಲ್ಕು ವರ್ಷದ ಮಗನನ್ನು ಕಟ್ಟಿಕೊಂಡು ಉಳಿದಳು. ಇಷ್ಟೇ ಕಥೆ. ನಾವು ಕೂರುತ್ತಿದ್ದ ಬಸವನಗುಡಿಯೂ ಮಲ್ಲೇಶ್ವರವೂ ಬೇಗ ಬೆಳೆಯಲು ಕಾರಣವಾದದ್ದು ಅದೇ ಪ್ಲೇಗ್. ಕಿಕ್ಕಿರಿದ ಪೇಟೆಯಿಂದ ಜನರನ್ನು ಹೊರಗೆ ತರಲು ಮಾಡಿದ ಬಡಾವಣೆಗಳಿವು. ಆ ಮಾತನ್ನು ನಿಮ್ಮಲ್ಲೊಬ್ಬರು ಕಾಫಿ ಲೋಟ ಕೈಗಿಡುತ್ತಾ ಹೇಳಿದ ಮೇಲೆ ಆ ಬೀದಿಗಳಲ್ಲಿ ನಡೆಯುವುದೇ ನನಗೆ ಬೇರೆ ಥರ ಆಗಿಹೋಯಿತು.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನನ್ನ ಜೊತೆ ಧೂಳು ಕುಡಿದು ಹಳೆಯ ಪಹಣಿ, ಮ್ಯುಟೇಷನ್ ರಿಜಿಸ್ಟರು ಹುಡುಕಿದ ಇಬ್ಬರು ಅಣ್ಣಂದಿರಿಗೆ, ಪ್ರತಿ ಹಾಳೆಯನ್ನೂ ಸ್ಕ್ಯಾನ್ ಮಾಡಿಕೊಟ್ಟ ಹುಡುಗನಿಗೆ, ಮನೆತನಗಳ ವಂಶಾವಳಿ ಬರೆದಿಟ್ಟು ಹೇಳುವ ಹೆಳವರ ಹಿರಿಯರೊಬ್ಬರನ್ನು ನಮ್ಮ ಮನೆವರೆಗೆ ಕರೆತಂದವರಿಗೆ, ಪ್ರತಿ ಎರಡನೇ ಭಾನುವಾರ ಉಪ್ಪಿಟ್ಟು ಮಾಡಿ ಕಾದವರಿಗೆ ನನ್ನ ನಮಸ್ಕಾರ. ಹೆಳವರಿಗೆ ಮನೆತನಗಳೂ ಊರುಗಳೂ ಪಾಲು ಪಾಲಾಗಿ ಹಂಚಿಕೆಯಾಗಿರುತ್ತವೆ. ನಮ್ಮದು ಆ ಹಿರಿಯರ ಪಾಲಿನದಲ್ಲ, ಅವರ ಪುಸ್ತಕದಲ್ಲಿ ನಾವಿರಲಿಲ್ಲ. ಆದರೂ ಎರಡು ಗಂಟೆ ಕೂತು ಅಪ್ಪನ ಮಾತು ಕೇಳಿಸಿಕೊಂಡು, ಮಕ್ಕಳ ತಲೆ ಮೇಲೆ ಕೈಯಿಟ್ಟು ಹೋದರು.

ಶಿರಸ್ತೇದಾರರಾಗಿ ನಿವೃತ್ತರಾದ ನಮ್ಮ ಮೇಷ್ಟ್ರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅಪ್ಪನ ಟ್ರಂಕಿನಲ್ಲಿ, ಹರಿಯದಿರಲಿ ಎಂದು ತಾತ ರಟ್ಟಿಗೆ ಅಂಟಿಸಿಟ್ಟಿದ್ದ ಛಾಪಾ ಕಾಗದವೊಂದಿತ್ತು. ಶ್ಯಾನುಭೋಗರ ಮೋಡಿ ಬರಹ, ಅಕ್ಷರಗಳೆಲ್ಲ ಒಂದರ ಕೈ ಒಂದು ಹಿಡಿದು ಓಡಿದ ಹಾಗಿದ್ದವು. ನಮ್ಮ ಮನೆಯಲ್ಲಿ ಯಾರೂ ಅದನ್ನು ಓದಿದವರಿಲ್ಲ. ಮೇಷ್ಟ್ರು ಮೂರು ಭಾನುವಾರ ಭೂತಗನ್ನಡಿ ಹಿಡಿದು ಕೂತರು. ಒಂದು ಎಕರೆ ಹತ್ತು ಗುಂಟೆ ರಾಗಿ ಹೊಲವನ್ನು ಅರವತ್ತು ರೂಪಾಯಿಗೆ ಭೋಗ್ಯಕ್ಕೆ ಹಾಕಿದ ಪತ್ರ ಅದು. ತೇದಿ ಇದ್ದಲ್ಲಿ ಇಸವಿಯಿಲ್ಲ, ‘ವಿಳಂಬಿ ಸಂವತ್ಸರ’ ಎಂದಷ್ಟೇ. ವಿಳಂಬಿ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. 1838 ಆಗಬಹುದು, 1898 ಆಗಬಹುದು, 1958 ಕೂಡ ಆಗಬಹುದು. ಮೇಷ್ಟ್ರು ಕಾಗದವನ್ನು ಬೆಳಕಿಗೆ ಹಿಡಿದು ನೆತ್ತಿಯ ಮೇಲಿನ ಗಂಡಭೇರುಂಡ ತೋರಿಸಿದರು. 1958 ಆಗಿದ್ದರೆ ಅಲ್ಲಿ ಅಶೋಕ ಸ್ತಂಭ ಇರಬೇಕಿತ್ತು. 1838ರಲ್ಲಿ ಮೈಸೂರು ಅರಸರ ಕೈಯಲ್ಲೇ ಇರಲಿಲ್ಲ, ಇಂಗ್ಲಿಷ್ ಕಮಿಷನರ ಆಡಳಿತ. ಉಳಿದದ್ದು 1898. ಪ್ಲೇಗ್ ಬೆಂಗಳೂರಿಗೆ ಬಂದದ್ದು ಆ ವರ್ಷದ ಆಗಸ್ಟಿನಲ್ಲಿ, ಪತ್ರ ಆಗಿರುವುದು ಮಾರ್ಗಶಿರದಲ್ಲಿ. ಮುತ್ತಜ್ಜ ಹೋದ ಬೆನ್ನಿಗೇ.

ಬರೆಸಿಕೊಟ್ಟವಳು ಆಕೆಯೇ. ‘ಮೈನರ್ ಮಗನ ಪರವಾಗಿ’ ಎಂಬುದರ ಮುಂದೆ ‘ಕೋಂ’ ಎಂದಿತ್ತು, ಅದರ ಮುಂದೆ ಮುತ್ತಜ್ಜನ ಹೆಸರು. ‘ಕೋಂ’ ಅಂದರೆ ಇಂಥವರ ಹೆಂಡತಿ. ಅದರ ಹಿಂದೆ ಆಕೆಯ ಹೆಸರು ಇರಬೇಕಾದ ಜಾಗದಲ್ಲಿ ಹೆಬ್ಬೆಟ್ಟಿನಗಲ ಗೆದ್ದಲು ತಿಂದಿತ್ತು. ಮನೆಗೆ ಬಂದು ಹೇಳಿದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ಹೆಸರೊಂದು ಬಿಟ್ಟು ಎಲ್ಲಾ ಐತಲ್ಲಮ್ಮ” ಅಂದರು. ಆಮೇಲೆ ಆಸ್ಪತ್ರೆಯಲ್ಲೂ ಎರಡು ಸಲ ಕೇಳಿದರು, ಸಿಕ್ತಾ ಅಂತ. ಜೂನಿನಲ್ಲಿ ಏನಾಯಿತೆಂದು ನಿಮಗೆ ಗೊತ್ತು.

ಈಗ ನಮ್ಮ ಗುಂಪಿನ ಅಕ್ಕನ ವಿಷಯ. ಅಕ್ಕಾ, ನಿಮಗೆ ಇಷ್ಟವಾಗುವುದಿಲ್ಲ ಎಂದು ಗೊತ್ತು, ಆದರೂ ಬರೆಯುತ್ತೇನೆ.

2022ರ ಸೆಪ್ಟೆಂಬರ್ 4, ಭಾನುವಾರ ರಾತ್ರಿಯ ಮಳೆ ನಮ್ಮ ಕಡೆಯವರು ಯಾರೂ ಮರೆಯುವಂಥದ್ದಲ್ಲ. ರಾಜಕಾಲುವೆ ಉಕ್ಕಿ, ನಾವು ಮಂಚದ ಮೇಲೆ ಅಕ್ಕಿ ಮೂಟೆ ಏರಿಸುವಷ್ಟರಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಟ್ರಂಕು ನೆನಪಾದದ್ದು ಆಮೇಲೆ. ಅಪ್ಪನ ಮಂಚದ ಕೆಳಗೇ ಇತ್ತು. ಕರೆಂಟಿಲ್ಲ. ಮೊಬೈಲ್ ಬೆಳಕಿನಲ್ಲಿ ಮುಚ್ಚಳ ತೆಗೆದರೆ ಒಳಗೆ ಕಂದು ನೀರು, ಅದರಲ್ಲಿ ಮುಳುಗಿದ ಕಂದಾಯ ರಸೀದಿಗಳು. ಗುಂಪಿಗೆ ಒಂದೇ ಸಾಲು ಹಾಕಿದೆ: ಟ್ರಂಕಿಗೆ ನೀರು ಹೋಗಿದೆ.

ಹನ್ನೊಂದೂವರೆಗೆ ಅಕ್ಕ ಬಾಗಿಲಲ್ಲಿದ್ದರು. ಮಾರತ್ತಹಳ್ಳಿಯಿಂದ ಮಗನ ಸ್ಕೂಟರಿನಲ್ಲಿ ಬಂದು, ಸ್ಕೂಟರ್ ಮುಂದೆ ಹೋಗದಾದಾಗ ಇಳಿದು, ಸೀರೆ ಎತ್ತಿ ಕಟ್ಟಿ ನೀರಲ್ಲಿ ನಡೆದು ಬಂದಿದ್ದರು. ಅರವತ್ಮೂರು ವರ್ಷ ಅವರಿಗೆ. ತಲೆ ಮೇಲೆ ಹೊತ್ತ ಪ್ಲಾಸ್ಟಿಕ್ ಚೀಲದಲ್ಲಿ ಬಟರ್ ಪೇಪರು, ಒತ್ತುಕಾಗದ, ಅವರ ಮನೆಯವರ ಹಳೆಯ ಬಿಳಿ ಪಂಚೆ ಎರಡು. ಗ್ರಂಥಾಲಯದ ಬೈಂಡಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಕೈ ಅದು. ಮೊದಲು ನನ್ನನ್ನೇ ತಡೆದರು. ನಾನು ಅಂಟಿಕೊಂಡ ಹಾಳೆಗಳನ್ನು ಬಿಡಿಸಲು ಹೊರಟಿದ್ದೆ. “ಎಳೀಬೇಡ ಕಣಮ್ಮ, ಎಳೆದ್ರೆ ಹೋಯ್ತು. ಅದಾಗೇ ಬಿಡ್ಬೇಕು.”

ಮೇಲಿನ ಮನೆಯವರ ಹಜಾರದಲ್ಲಿ, ಎರಡು ಟಾರ್ಚಿನ ಬೆಳಕಿನಲ್ಲಿ ಬೆಳಗಿನವರೆಗೆ ಕೂತೆವು. ಬಿಡಿ ಹಾಳೆಗಳನ್ನು ಪಂಚೆಯ ಮೇಲೆ ಮಲಗಿಸಿ, ಮೇಲೊಂದು ಪದರ ಹಾಸಿ, ಅಂಗೈಯಿಂದ ಒತ್ತುವುದು. ಉಜ್ಜಬಾರದು, ಒತ್ತಬೇಕು. ನ್ಯೂಸ್ ಪೇಪರ್ ತಂದರೆ ಬೈದರು, ಅದರ ಮಸಿ ಇದಕ್ಕೆ ಹತ್ತುತ್ತದೆ. ಗಟ್ಟಿಯಾಗಿ ಅಂಟಿದ ಕಟ್ಟುಗಳನ್ನು ಮುಟ್ಟದೆ ಹಾಗೇ ಕವರಿಗೆ ಹಾಕಿಟ್ಟರು. ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಹೆಪ್ಪುಗಟ್ಟಿಸಿಟ್ಟರೆ ನಿಧಾನವಾಗಿ ಒಂದೊಂದೇ ಬಿಡಿಸಬಹುದು ಅಂದರು. ಬೆಳಿಗ್ಗೆ ಅವು ರಾಜಾಜಿನಗರದ ಚಿಕ್ಕಮ್ಮನ ಮನೆಯ ಫ್ರೀಜರಿಗೆ ಹೋದವು. ಬಟಾಣಿ, ಐಸ್‌ಕ್ರೀಮು ಎಲ್ಲ ಹೊರಗೆ ತೆಗೆದು ಮೂರು ತಿಂಗಳು ಜಾಗ ಕೊಟ್ಟ ಚಿಕ್ಕಮ್ಮನಿಗೂ ನಮಸ್ಕಾರ.

ಮೂರು ಗಂಟೆಯ ಹೊತ್ತಿಗೆ ರಟ್ಟಿನ ಪತ್ರದ ಸರದಿ. ಮೈದಾ ಅಂಟು ನೆನೆದು ಸಡಿಲವಾಗಿತ್ತು. ಅಕ್ಕ ಬಟರ್ ಪೇಪರನ್ನು ಮೇಲೆ ಹಾಸಿ, ಎಲ್ಲವನ್ನೂ ಒಟ್ಟಿಗೆ ಮಗುಚಿ, ರಟ್ಟನ್ನು ಒಂದು ಮೂಲೆಯಿಂದ ಸರಿಸುತ್ತ ಬಂದರು. ಅರ್ಧ ಗಂಟೆಗೂ ಮೇಲೆ ಹಿಡಿಯಿತು. ರಟ್ಟು ಬಿಟ್ಟಾಗ ಪತ್ರದ ಬೆನ್ನು ಕಂಡಿತು, ಅದರ ಮೇಲೆ ನಾಲ್ಕು ಸಾಲು. ಹಳೆಯ ಕಪ್ಪು ಮಸಿ ಒಂದಿಷ್ಟೂ ಕದಲಿರಲಿಲ್ಲ. ಅಕ್ಕನಿಗೂ ನನಗೂ ಮೋಡಿ ಓದಲು ಬಾರದು, ಆದರೆ ‘ಕೋಂ’ ಯಾವುದೆಂದು ಅಷ್ಟರಲ್ಲಿ ಇಬ್ಬರಿಗೂ ಗೊತ್ತಿತ್ತು. ಅದರ ಹಿಂದೆ ನಾಲ್ಕು ಅಕ್ಷರ, ಇಡಿಯಾಗಿ. ಫೋಟೋ ಕಳಿಸಿದರೆ ಮೇಷ್ಟ್ರು ಎದ್ದೇ ಇದ್ದರು, ಐದೇ ನಿಮಿಷದಲ್ಲಿ ಓದಿ ಹೇಳಿದರು. ಪ್ಲವಂಗ ಸಂವತ್ಸರದ ಫಾಲ್ಗುಣ, ಅಂದರೆ 1908ರ ಮಾರ್ಚ್ ಸುಮಾರು. ಅಸಲು ಪೂರಾ ಸಂದಾಯ, ಹೊಲ ಬಿಡುಗಡೆ. ಕೆಳಗೆ ಒಂದು ಅಡ್ಡಗೀಟು, ಒಂದು ಉದ್ದಗೀಟು, ಪಕ್ಕದಲ್ಲಿ ‘ಇವಳ ಗುರುತು’.

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹೇಳಿಕೊಂಡು ಬಂದದ್ದು ತಾತ ಹೊಲ ಬಿಡಿಸಿಕೊಂಡರು ಎಂದು. 1908ರಲ್ಲಿ ತಾತನಿಗೆ ಹದಿನಾಲ್ಕೂ ತುಂಬಿರಲಿಲ್ಲ. ಒಂಬತ್ತು ವರ್ಷ ಯಾರದೋ ಹೊಲದಲ್ಲಿ ಕಳೆ ಕಿತ್ತು, ಯಾರದೋ ಮನೆಯಲ್ಲಿ ರಾಗಿ ಬೀಸಿ ಅರವತ್ತು ರೂಪಾಯಿ ಕೂಡಿಸಿದವಳು ಆಕೆ. ಹೇಗೆ ಕೂಡಿಸಿದಳೋ ಪತ್ರದಲ್ಲಿಲ್ಲ, ಕಳೆ, ಬೀಸುಕಲ್ಲು ನನ್ನ ಊಹೆ. ನಾವು ಓದಿದ್ದು, ಮನೆ ಕಟ್ಟಿದ್ದು ಎಲ್ಲ ಆ ಒಂದು ಎಕರೆ ಹತ್ತು ಗುಂಟೆಯಿಂದಲೇ. ಆಕೆಯ ಹೆಸರನ್ನೇ ನಾವು ಉಳಿಸಿಕೊಳ್ಳಲಿಲ್ಲ.

ಆದರೆ ಆ ರಾತ್ರಿ ನಾನು ಅತ್ತದ್ದು ಇದಕ್ಕಲ್ಲ. ಅಪ್ಪ ತಮ್ಮ ಹಿರಿಯರಿಂದ ಕೇಳಿದ್ದನ್ನೆಲ್ಲ ಬರೆದಿಟ್ಟ ನೋಟ್‌ಪುಸ್ತಕವೂ ಟ್ರಂಕಿನಲ್ಲೇ ಇತ್ತು. ನಾಳೆ ಸ್ಕ್ಯಾನ್ ಮಾಡಿಸಿದರಾಯಿತು ಎಂದು ನಾನೇ ಮುಂದೂಡುತ್ತ ಬಂದಿದ್ದೆ. ಇಂಕ್ ಪೆನ್ನಿನ ನೀಲಿ ಶಾಯಿ. ಒಂದೊಂದು ಹಾಳೆ ತಿರುವಿದಾಗಲೂ ಬರೀ ನೀಲಿ ನೀರು. ಅಪ್ಪ ಹೋದ ದಿನ ಮಾಡಲು ನೂರು ಕೆಲಸವಿತ್ತು, ಅಳಲು ಪುರಸೊತ್ತಿರಲಿಲ್ಲ. ಆ ರಾತ್ರಿ ಕಿರುಚಿಯೇ ಬಿಟ್ಟೆ. ಇದ್ಯಾವುದೂ ಬೇಡ, ಯಾವ ಅಜ್ಜಿಯ ಹೆಸರೂ ಬೇಡ, ಅಪ್ಪನ ಅಕ್ಷರ ಕೊಡಿ ಅಂದೆ. ಅಕ್ಕ ಸಮಾಧಾನ ಹೇಳಲಿಲ್ಲ. ನನ್ನ ಕೈಯಿಂದ ಆ ಪುಸ್ತಕ ತೆಗೆದುಕೊಂಡು, ಉಳಿದ ಹಾಳೆಗಳಿಗೆ ಮಾಡಿದ ಹಾಗೆಯೇ ಅದರ ಪ್ರತಿ ಹಾಳೆಯನ್ನೂ, ಏನೂ ಉಳಿದಿಲ್ಲವೆಂದು ಗೊತ್ತಿದ್ದೂ, ಪಂಚೆಯ ನಡುವೆ ಇಟ್ಟು ಒತ್ತಿದರು. ತೊಂಬತ್ತಾರು ಹಾಳೆ. ಬೆಳಕು ಹರಿಯುವವರೆಗೆ.

ಆಮೇಲಿನ ಮೂರು ವರ್ಷದ ಕೆಲಸ ನಿಮ್ಮೆಲ್ಲರದೂ. ವಂಶವೃಕ್ಷ ಈಗ ದೊಡ್ಡ ಹಾಳೆಯ ಮೇಲೆ ಸಿದ್ಧವಾಗಿದೆ, ಹೆಣ್ಣುಮಕ್ಕಳು, ಸೊಸೆಯರು ಎಲ್ಲರ ಹೆಸರಿನೊಂದಿಗೆ. ಹದಿನೇಳು ಕಡೆ ಇನ್ನೂ ಖಾಲಿ ಗೆರೆ ಇದೆ. ಕೊನೆಯ ಎಲೆಯನ್ನು ಮುಂದೆಯೂ ಇಡುತ್ತೇವೆ. ಮುಂದಿನ ಎರಡನೇ ಭಾನುವಾರ ಪ್ರತಿ ತರುತ್ತೇನೆ, ಮೇಷ್ಟ್ರಿಗೊಂದು, ಗುಂಪಿಗೊಂದು. ಕಜ್ಜಾಯವನ್ನೂ ತರುತ್ತೇನೆ.

ಅಕ್ಕಾ, ನಿಮ್ಮ ಮನೆಯವರ ಪಂಚೆ ಎರಡೂ ನನ್ನಲ್ಲೇ ಉಳಿದಿವೆ. ಒಂದನ್ನು ಒಗೆದು ಇಸ್ತ್ರಿ ಮಾಡಿಸಿ ತರುತ್ತೇನೆ. ಇನ್ನೊಂದರ ತುಂಬಾ ಅಪ್ಪನ ಶಾಯಿಯ ನೀಲಿ ಹತ್ತಿದೆ. ಅದನ್ನು ಒಗೆದಿಲ್ಲ. ಅದು ನನಗೇ ಇರಲಿ.