ಸಂಡೇ ಬಜಾರಿನ ಆ ಹಿರಿಯರಿಗೆ

ಕಳೆದ ತಿಂಗಳು ಬೆಂಗಳೂರಿನ ಸಂಡೇ ಬಜಾರಿನಲ್ಲಿ ನನ್ನ ಮೊದಲ ಫಿಲ್ಮ್ ಕ್ಯಾಮೆರಾಕ್ಕೆಂದು ಹಣ ಎಣಿಸುತ್ತಿದ್ದಾಗ, ಪಕ್ಕದಲ್ಲಿದ್ದ ಹಿರಿಯರೊಬ್ಬರು "ಒಂದು ನಿಮಿಷ ಕೊಡಮ್ಮಾ, ನೋಡೋಣ" ಎಂದು ಕೈಚಾಚಿದರು. ಹಿಂಬದಿಯ ಮುಚ್ಚಳ ತೆರೆದು, ಬೆಳಕು ಒಳನುಗ್ಗದಂತೆ ತಡೆಯುವ ಅಂಚಿನ ಸ್ಪಂಜನ್ನು ಮುಟ್ಟಿದರೆ ಬೆರಳಿಗೆ ಕಪ್ಪು ಅಂಟು ಮೆತ್ತಿಕೊಂಡಿತು. ಮೊಬೈಲ್ ಟಾರ್ಚ್ ಹಿಡಿದಾಗ ಲೆನ್ಸಿನೊಳಗೆ ಜೇಡರ ಬಲೆಯಂತೆ ಹಬ್ಬಿದ್ದ ಬೂಷ್ಟು ಕಂಡಿತು.

ನನ್ನ ಪೆಚ್ಚು ಮುಖ ನೋಡಿ, ಅದೇ ರಾಶಿಯಿಂದ ಒಂದು ಪೆಂಟ್ಯಾಕ್ಸ್ ಕೆ1000 ಕ್ಯಾಮೆರಾ ಎತ್ತಿ, ಫಿಲ್ಮಿಗೆ ಬೆಳಕು ಬಿಡುವ ಪರದೆಯಾದ ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಕಿವಿಗೆ ಹಿಡಿದು ಆಲಿಸಿದರು. 1976ರಿಂದ ತಯಾರಾದ ಈ ಮಾದರಿಯ ಶಟರಿಗೆ ಬ್ಯಾಟರಿಯೇ ಬೇಡ, ಬೆಳಕು ಅಳೆಯುವ ಮೀಟರಿಗಷ್ಟೇ ಒಂದು ಗುಂಡಿ ಸೆಲ್ ಸಾಕು, ಕಲಿಯುವವರಿಗೆ ಇದಕ್ಕಿಂತ ಸರಳವಾದದ್ದು ಬೇಡ ಎಂದರು. ಮೀಟರಿಗೆ ಸ್ವಿಚ್ ಇಲ್ಲದ ಕಾರಣ ಲೆನ್ಸಿನ ಮುಚ್ಚಳ ಹಾಕಿಡದಿದ್ದರೆ ಸೆಲ್ ಬೇಗ ಮುಗಿಯುತ್ತದೆಂದು ಹೇಳಿ, ಮುಚ್ಚಳವನ್ನು ತಾವೇ ಒತ್ತಿ ಕೂರಿಸಿದರು.

ಫಿಲ್ಮ್ ಹಾಕಿ ಲಿವರ್ ಎಳೆದಾಗ ಎಡಗಡೆಯ ಗುಬುಟು ತಿರುಗುತ್ತಿದ್ದರೆ ಮಾತ್ರ ರೀಲು ಮುಂದೆ ಸಾಗುತ್ತಿದೆ ಎಂದರ್ಥ, ಅದನ್ನು ಮರೆಯಬೇಡ ಎಂದವರು, ನಾನು ಹೆಸರು ಕೇಳುವಷ್ಟರಲ್ಲಿ ಜನರ ನಡುವೆ ಹೋಗಿಬಿಟ್ಟಿದ್ದರು.

ಮೊದಲ ರೀಲು ತೊಳೆದು ಬಂದಿದೆ, 36ಕ್ಕೆ 31 ಚಿತ್ರಗಳು ಸ್ಪಷ್ಟವಾಗಿ ಮೂಡಿವೆ. ನಿಮಗೆ ತುಂಬುಹೃದಯದ ಧನ್ಯವಾದಗಳು, ಸರ್.